ತೇವ ಕೊಟ್ಟರೂ ನಿಲ್ಲದ ಉರಿ: ಐದು ಲೇಬಲ್‌ಗಳ ಒಂದು ಪ್ರಕರಣ

ಮಹಿಳೆ, ವಯಸ್ಸು 31. ಮನೆ ಬೆಂಗಳೂರಿನ ಮಹದೇವಪುರದ ಅಪಾರ್ಟ್‌ಮೆಂಟ್, ಕೆಲಸ ಹೊರ ವರ್ತುಲ ರಸ್ತೆಯ ಕಚೇರಿಯಲ್ಲಿ, ದಿನಕ್ಕೆ ಒಂಬತ್ತು ಗಂಟೆ ಎಸಿ. ಫೆಬ್ರುವರಿ ಎರಡನೇ ವಾರದ ಹೊತ್ತಿಗೆ ದೂರು ಇಷ್ಟು: ಮುಖ ತೊಳೆದ ಐದೇ ನಿಮಿಷಕ್ಕೆ ಚರ್ಮ ಬಿಗಿದುಕೊಳ್ಳುತ್ತದೆ, ಮೂಗಿನ ಪಕ್ಕ ಮತ್ತು ಬಾಯಿಯ ಸುತ್ತ ಹೊಟ್ಟು ಏಳುತ್ತದೆ, ಯಾವ ಕ್ರೀಮ್ ಹಚ್ಚಿದರೂ ಉರಿ. ಬರೀ ನೀರು ಸೋಕಿದರೂ ಚುರುಗುಟ್ಟುತ್ತದೆ. ಇಷ್ಟಾದರೂ ಮಧ್ಯಾಹ್ನಕ್ಕೆಲ್ಲ ಹಣೆಯ ಮೇಲೆ ಜಿಡ್ಡು ಹಾಜರು. ಇದು ಒಬ್ಬರದೇ ದಾಖಲೆಯಲ್ಲ. ನಗರದಲ್ಲಿ ಮತ್ತೆ ಮತ್ತೆ ಕಾಣುವ ಮಾದರಿಯನ್ನು ಒಬ್ಬರ ಮುಖದ ಮೇಲಿಟ್ಟು ಬರೆದದ್ದು.

ಕಪಾಟಿನಲ್ಲಿ ಏಳು ಬಾಟಲಿ ಇದ್ದವು. ಚೆನ್ನಾಗಿ ನೊರೆ ಬರುವ ಸಲ್ಫೇಟ್ ಫೇಸ್‌ವಾಶ್, ದಿನಕ್ಕೆ ಮೂರು ಸಲ. ಬೆಳಿಗ್ಗೆ 15% ವಿಟಮಿನ್ ಸಿ. ರಾತ್ರಿ 7% ಗ್ಲೈಕೋಲಿಕ್ ಟೋನರ್, ಅದೂ ಪ್ರತಿ ದಿನ. ದಿನ ಬಿಟ್ಟು ದಿನ 0.5% ರೆಟಿನಾಲ್ (ವಿಟಮಿನ್ ಎ). ಮುಖ ಒಣಗತೊಡಗಿದ ಮೇಲೆ ಬಂದದ್ದು ನೀರು ಹಿಡಿದಿಡುವ ಹೈಅಲುರಾನಿಕ್ ಸೀರಮ್, ಆಮೇಲೆ 10% ನಯಾಸಿನಮೈಡ್ (ವಿಟಮಿನ್ ಬಿ3), ಅದರ ಮೇಲೆ ಒಂದು ನೀಲಿ ಜೆಲ್. ಕೊನೆಗೆ ‘ಬ್ಯಾರಿಯರ್ ರಿಪೇರ್’ (ಚರ್ಮದ ತಡೆಗೋಡೆಯ ದುರಸ್ತಿ) ಎಂದು ಬರೆದ ದುಬಾರಿ ಟ್ಯೂಬು ಎಂಟನೆಯದಾಗಿ ಸೇರಿತು. ತೊಂದರೆ ಕೊಡುತ್ತಿದ್ದ ಯಾವುದನ್ನೂ ನಿಲ್ಲಿಸಿರಲಿಲ್ಲ, ಅದರ ಮೇಲೆ ಹಚ್ಚುವುದನ್ನು ಕೊಳ್ಳುತ್ತಲೇ ಹೋಗಿದ್ದರು.

ಇನ್ನೊಂದು ವಿಷಯ. ಗೋಧಿ ಬಣ್ಣದ ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣಲೇಬೇಕೆಂದಿಲ್ಲ. ಕೆನ್ನೆ ಮಂಕಾಗಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಸಿಲಿನ ಟ್ಯಾನ್ ಎಂದುಕೊಂಡು ಭಾನುವಾರಗಳಂದು ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಉಜ್ಜುವುದೂ ನಡೆದಿತ್ತು. ನಿಂಬೆರಸದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 2ರ ಆಸುಪಾಸು: ತೀರಾ ಹುಳಿ. ಬಿರುಕು ಬಿಟ್ಟ ಚರ್ಮಕ್ಕೆ ಅದು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ಲೇಬಲ್ ಓದುವ ಮುಂಚೆ ಒಂದು ವಿಚಾರಣೆ ಆಗಲೇಬೇಕು: ಕಳೆದ ಒಂದು ವರ್ಷದಲ್ಲಿ ಮೆಡಿಕಲ್ ಶಾಪಿನಿಂದ ಕಲೆಗೋ ಬಿಳುಪಿಗೋ ಎಂದು ಸಣ್ಣ ಟ್ಯೂಬು ತಂದು ಮುಖಕ್ಕೆ ಹಚ್ಚಿದ್ದುಂಟೇ? ಹಿಂಬದಿಯಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಮೂರನ್ನೂ ಬೆರೆಸಿದ ಕ್ರೀಮನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿಕೊಂಡವರು ನಮ್ಮಲ್ಲಿ ಬಹಳ. ಅದನ್ನು ನಿಲ್ಲಿಸಿದ ಮೇಲೆ ಏಳುವ ಉರಿ ಬೇರೆಯೇ ಕಾಯಿಲೆ. ಚರ್ಮದಲ್ಲೇ ಇರುವ ಕೊಬ್ಬಾದ ಸೆರಮೈಡ್ ಬೆರೆಸಿದ ಯಾವ ಕ್ರೀಮಿಗೂ ಅದು ಬಗ್ಗುವುದಿಲ್ಲ, ನೇರ ಚರ್ಮತಜ್ಞರ ಬಳಿ ಹೋಗಬೇಕು. ಕೀವು, ಹಳದಿ ಹೊಪ್ಪಳೆ, ಕಣ್ಣಿನ ರೆಪ್ಪೆಯ ಊತ ಇದ್ದರೂ ಅಷ್ಟೇ. ಈ ಪ್ರಕರಣದಲ್ಲಿ ಇವು ಯಾವುವೂ ಇರಲಿಲ್ಲ. ಹಾಗಾಗಿ ಮುಂದಿನ ಮಾತು.

ಗೋಡೆಯಲ್ಲಿ ಏನು ಕಳೆದಿತ್ತು

ಚರ್ಮದ ತೀರಾ ಹೊರಪದರದ ದಪ್ಪ ಮುಖದ ಮೇಲೆ 10ರಿಂದ 20 ಮೈಕ್ರಾನ್ ಅಷ್ಟೇ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಗಾರೆಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಸೆರಮೈಡ್, ಕಾಲು ಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲ. ಇಟ್ಟಿಗೆಯ ಒಳಗೆ ನೀರು ಹಿಡಿದಿಡಲು ಅಮೈನೋ ಆಮ್ಲ, ಅದರಿಂದಲೇ ಆಗುವ ಪಿಸಿಎ ಎಂಬ ಆಮ್ಲ, ಲ್ಯಾಕ್ಟೇಟ್, ಯೂರಿಯಾ ಇರುತ್ತವೆ. ಇಟ್ಟಿಗೆಗೆ ನೀರುಣಿಸುವುದು ಒಂದು ಕೆಲಸ, ಗಾರೆ ಮೆತ್ತುವುದು ಇನ್ನೊಂದು. ಅಂಗಡಿಯಲ್ಲಿ ಎರಡಕ್ಕೂ ‘ಮಾಯಿಶ್ಚರೈಸರ್’ ಎಂಬ ಒಂದೇ ಹೆಸರು, ಗೊಂದಲ ಶುರುವಾಗುವುದೇ ಅಲ್ಲಿಂದ.

ದಿನಕ್ಕೆ ಮೂರು ಸಲದ ಸಲ್ಫೇಟ್ ನೊರೆ ಗಾರೆಯನ್ನು ಕರಗಿಸಿ ಒಯ್ದಿತು. ಗ್ಲೈಕೋಲಿಕ್ ಆಮ್ಲ ಇಟ್ಟಿಗೆಗಳ ನಡುವಿನ ಕೊಂಡಿಗಳನ್ನು ಸಡಿಲಿಸಿತು. ರೆಟಿನಾಲ್, ಕೋಶಗಳನ್ನು ಅವು ಪಕ್ವವಾಗುವ ಮೊದಲೇ ಮೇಲಕ್ಕೆ ತಳ್ಳಿತು. ಪ್ರತಿಯೊಂದೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಮೂರೂ ಒಂದೇ ವಾರದಲ್ಲಿ ಒಂದರ ಮೇಲೊಂದು ಬಿದ್ದದ್ದು ಕೆಟ್ಟಿತು. ಚರ್ಮದ ಮೇಲ್ಮೈ ಪಿಎಚ್ 4.5ರಿಂದ 5.5ರ ನಡುವೆ ಇದ್ದಾಗ ಸೆರಮೈಡ್ ತಯಾರಿಸುವ ಕಿಣ್ವಗಳು ಸರಿಯಾಗಿ ದುಡಿಯುತ್ತವೆ. ಜಿಮ್‌ನಿಂದ ಬಂದು ಕೈಗೆ ಸಿಕ್ಕಿದ ಸ್ನಾನದ ಸೋಪಿನಲ್ಲೇ ಮುಖ ತೊಳೆದರೆ, ಆ ಸೋಪಿನ ಪಿಎಚ್ 9ರಿಂದ 10. ಮೇಸ್ತ್ರಿ ಕೆಲಸಕ್ಕೆ ಬಂದ ಹೊತ್ತಿಗೇ ಮನೆಗೆ ಕಳಿಸಿದಂತೆ.

ನೀರಿನದೂ ಪಾಲಿದೆ. ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಬೇಸಿಗೆ ಹತ್ತಿರ ಬಂದಂತೆ ಟ್ಯಾಂಕರ್. ಸ್ಟ್ರಿಪ್ ಅದ್ದಿ ನೋಡಿದಾಗ ಗಡಸುತನ ಲೀಟರಿಗೆ 400 ಮಿಗ್ರಾಂ ದಾಟಿತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200 ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಕುಡಿಯಲು ತೊಂದರೆಯಿಲ್ಲ, ಆದರೆ ಗಡಸು ನೀರಿನಲ್ಲಿ ಸಲ್ಫೇಟ್ ಡಿಟರ್ಜೆಂಟ್ ಚರ್ಮದ ಮೇಲೆ ಹೆಚ್ಚು ಉಳಿದುಬಿಡುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಾಗಂತ ಸಾವಿರಾರು ರೂಪಾಯಿ ಸುರಿದು ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಕೂರಿಸಬೇಕೆ? ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಎಕ್ಸಿಮಾ (ಇಸುಬು) ಇದ್ದ 336 ಮಕ್ಕಳ ಮನೆಗಳನ್ನು ತೆಗೆದುಕೊಂಡು ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಸಾಫ್ಟ್‌ನರಿನಿಂದ ಹೆಚ್ಚಿನ ಗುಣ ಕಾಣಲಿಲ್ಲ. ಫೇಸ್‌ವಾಶಿನ ಡಿಟರ್ಜೆಂಟ್ ಬದಲಿಸುವುದು ಅಗ್ಗ, ಅದರಿಂದ ಆಗುವ ಫಲವೂ ಹೆಚ್ಚು.

ಲೇಬಲ್‌ಗಳನ್ನು ಮೇಜಿನ ಮೇಲಿಟ್ಟಾಗ

ನಮ್ಮ ಕಾನೂನಿನಲ್ಲಿ 1%ಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. 1% ಮತ್ತು ಅದಕ್ಕಿಂತ ಕಡಿಮೆಯವನ್ನು ಆಮೇಲೆ ಹೇಗೆ ಬೇಕಾದರೂ ಜೋಡಿಸಬಹುದು. ಆ ಗಡಿ ಎಲ್ಲಿದೆ ಎಂದು ಲೇಬಲ್ ಹೇಳುವುದಿಲ್ಲ. ಹುಡುಕಲು ಸುಲಭ ಗುರುತು ಫಿನಾಕ್ಸಿಎಥನಾಲ್. ಈ ಸಂರಕ್ಷಕಕ್ಕೆ ಗರಿಷ್ಠ ಮಿತಿಯೇ 1%. ಅದರ ನಂತರ ಬರೆದದ್ದೆಲ್ಲ 1% ಅಥವಾ ಅದಕ್ಕಿಂತ ಕಡಿಮೆ. ದ್ರವವನ್ನು ಗಟ್ಟಿ ಮಾಡುವ ಕಾರ್ಬೋಮರ್, ಕ್ಸಾಂಥನ್ ಗಮ್‌ಗಳನ್ನೂ ಸಾಮಾನ್ಯವಾಗಿ ಅಷ್ಟರೊಳಗೇ ಹಾಕುತ್ತಾರೆ. ಬೆರಳನ್ನು ಆ ಹೆಸರಿನ ಮೇಲಿಟ್ಟು ಮೇಲೆ ಏನಿದೆ, ಕೆಳಗೆ ಏನಿದೆ ನೋಡಿದರೆ ಡಬ್ಬಿಯ ಮುಂಭಾಗದ ಅರ್ಧ ಮಾತು ಉದುರಿಹೋಗುತ್ತದೆ.

ಮೊದಲು ಹೈಅಲುರಾನಿಕ್ ಸೀರಮ್, 30 ಮಿಲಿಗೆ ₹599. ಲೇಬಲ್: ನೀರು, ಪ್ರೊಪೇನ್‌ಡಯಾಲ್, ಸೋಡಿಯಂ ಹೈಅಲುರೊನೇಟ್, ಫಿನಾಕ್ಸಿಎಥನಾಲ್, ಮುಗಿಯಿತು. ಮುಂದೆ ದೊಡ್ಡದಾಗಿ 2%. ದೊಡ್ಡ ಅಣುವಿನ ಹೈಅಲುರಾನಿಕ್ ನಿಜವಾಗಿ 2% ಇದ್ದರೆ ದ್ರವ ಡ್ರಾಪರಿನಲ್ಲಿ ಏರುವುದೇ ಇಲ್ಲ, ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಇದು ನೀರಿನಂತೆ ಸುರಿಯುತ್ತಿತ್ತು: ಒಂದೋ ಅಣು ಚಿಕ್ಕದು, ಇಲ್ಲವೇ 2% ಎನ್ನುವುದು ಮೊದಲೇ ನೀರಿನಲ್ಲಿ ಕರಗಿಸಿಟ್ಟ ದ್ರಾವಣದ ಲೆಕ್ಕ. ದೊಡ್ಡ ಅಣು ಚರ್ಮದ ಮೇಲೆಯೇ ಪೊರೆಯಂತೆ ಕೂರುತ್ತದೆ. ಹಚ್ಚಿದ ಅರ್ಧ ಗಂಟೆ ಮುಖ ನುಣುಪು. ಮೇಲೆ ಮುಚ್ಚುವ ಕೊಬ್ಬೇ ಇಲ್ಲದ್ದರಿಂದ ಎಸಿಯ ಒಣಗಾಳಿಗೆ ಆ ನೀರು ಆರಿಹೋಗಿ ಪೊರೆ ಬಿಗಿಯುತ್ತದೆ. ಈ ಮಹಿಳೆ ಅದನ್ನು ‘ಇನ್ನೂ ಒಣಗಿದೆ’ ಎಂದುಕೊಂಡು ಮಧ್ಯಾಹ್ನ ಮತ್ತೊಂದು ಸುತ್ತು ಹಚ್ಚುತ್ತಿದ್ದರು.

ನೀಲಿ ಜೆಲ್: ನೀರು, ಡೈಮೆಥಿಕೋನ್, ಆಲ್ಕೊಹಾಲ್ ಡಿನ್ಯಾಟ್, ಗ್ಲಿಸರಿನ್, ಕಾರ್ಬೋಮರ್, ಪರ್ಫ್ಯೂಮ್, ಬಣ್ಣ. ಮೂರನೇ ಸ್ಥಾನದಲ್ಲೇ ಸ್ಪಿರಿಟ್. ಹಚ್ಚಿದಾಗ ತಣ್ಣಗೆನಿಸುವುದು ಅದು ಹಾರಿಹೋಗುವುದರಿಂದ. ಇಲ್ಲೊಂದು ಎಚ್ಚರಿಕೆ: ಲೇಬಲ್ಲಿನಲ್ಲಿ ಸೆಟಿಯರಿಲ್ ಆಲ್ಕೊಹಾಲ್ ಎಂದು ಕಂಡರೆ ಹೆದರಬೇಡಿ, ಅದು ಮೇಣದಂಥ ಕೊಬ್ಬು, ಚರ್ಮಕ್ಕೆ ಹಿತ. ಹೆಸರಿನ ಬಾಲ ಒಂದೇ, ಕೆಲಸ ಬೇರೆ.

ನಯಾಸಿನಮೈಡ್ ಒಳ್ಳೆಯ ಘಟಕ. ಚರ್ಮ ತನ್ನದೇ ಸೆರಮೈಡ್ ಹೆಚ್ಚಿಸಿಕೊಳ್ಳಲು ನೆರವಾಗುತ್ತದೆ, 2ರಿಂದ 5% ಸಾಕು. 10% ಕೆಲವರಿಗೆ ಉರಿ ಕೊಡುತ್ತದೆ, ಒಡೆದ ಚರ್ಮಕ್ಕಂತೂ ಖಂಡಿತ ಹೆಚ್ಚಾಯಿತು.

ಈಗ ನಿಜವಾದ ಹೋಲಿಕೆ, ಎರಡು ಸೆರಮೈಡ್ ಟ್ಯೂಬುಗಳದು. ದುಬಾರಿಯದು 50 ಗ್ರಾಂಗೆ ₹1,150, ಅಂದರೆ ಗ್ರಾಂಗೆ ₹23. ಅದರ ಬದಲಿಗೆ ನೋಡಿದ್ದು ಮೆಡಿಕಲ್ ಶಾಪಿನ ಸಾದಾ ಬಿಳಿ ಟ್ಯೂಬು, 100 ಗ್ರಾಂಗೆ ₹480, ಗ್ರಾಂಗೆ ₹4.80.

ದುಬಾರಿಯದರಲ್ಲಿ: ನೀರು, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್, ಗ್ಲಿಸರಿನ್, ಬ್ಯುಟಿಲೀನ್ ಗ್ಲೈಕಾಲ್, ಸೆಟಿಯರಿಲ್ ಆಲ್ಕೊಹಾಲ್, ನಯಾಸಿನಮೈಡ್, ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಶಿಯಾ ಬೆಣ್ಣೆ, ಕಾರ್ಬೋಮರ್, ಸೆರಮೈಡ್ ಎನ್‌ಪಿ, ಲ್ಯಾವೆಂಡರ್ ಎಣ್ಣೆ, ಲಿಮೊನೀನ್, ಲಿನಲೂಲ್. ಸಾದಾ ಟ್ಯೂಬಿನಲ್ಲಿ: ನೀರು, ಗ್ಲಿಸರಿನ್, ಪೆಟ್ರೊಲೇಟಮ್, ಸೆಟಿಯರಿಲ್ ಆಲ್ಕೊಹಾಲ್, ಡೈಮೆಥಿಕೋನ್, ಪ್ಯಾಂಥೆನಾಲ್, ಸ್ಟಿಯರಿಕ್ ಆಮ್ಲ, ಫಿನಾಕ್ಸಿಎಥನಾಲ್, ಸೆರಮೈಡ್ ಎನ್‌ಪಿ, ಎಪಿ, ಇಒಪಿ, ಕೊಲೆಸ್ಟರಾಲ್, ಫೈಟೊಸ್ಫಿಂಗೊಸಿನ್, ಕ್ಸಾಂಥನ್ ಗಮ್.

ಬೆರಳಿಟ್ಟು ನೋಡಿ. ಎರಡರಲ್ಲೂ ಸೆರಮೈಡ್ ಫಿನಾಕ್ಸಿಎಥನಾಲಿನ ಕೆಳಗೇ ಇದೆ. ಸಾದಾ ಟ್ಯೂಬಿನಲ್ಲಿ ಎನ್‌ಪಿ, ಎಪಿ, ಇಒಪಿ ಎಂಬ ಮೂರು ಬಗೆಯ ಸೆರಮೈಡ್ ಇದೆ ಎಂದರೆ ಪ್ರಮಾಣ ಮೂರು ಪಟ್ಟು ಎಂದೇನಲ್ಲ. ಸಾದಾ ಟ್ಯೂಬು ಗೆದ್ದದ್ದು ಬೇರೆ ಕಾರಣಕ್ಕೆ. ಗ್ಲಿಸರಿನ್ ಎರಡನೇ ಸ್ಥಾನದಲ್ಲಿದೆ. ಪೆಟ್ರೊಲೇಟಮ್, ಅಂದರೆ ಪೆಟ್ರೋಲಿಯಂ ಜೆಲ್ಲಿ, ಮೂರರಲ್ಲಿದೆ, ನೀರು ಆರುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಇನ್ನೂ ಅಂಗಡಿಯಲ್ಲಿಲ್ಲ, ಮತ್ತು ಅದು ಮುಚ್ಚಳದಂತೆ ಮೇಲೆ ಕೂರುವುದಷ್ಟೇ ಅಲ್ಲ, ಹೊರಪದರದ ಸಂದುಗಳಿಗೂ ಇಳಿಯುತ್ತದೆ, ಕೆಳಗೆ ದುರಸ್ತಿ ನಡೆಯಲು ಬಿಡುತ್ತದೆ. ಕೊಲೆಸ್ಟರಾಲ್, ಕೊಬ್ಬಿನಾಮ್ಲ ಜೊತೆಗಿವೆ. ಅಮೆರಿಕದ ಸಂಶೋಧಕರಾದ ಪೀಟರ್ ಎಲಾಯಸ್ ಮತ್ತು ಕೆನೆತ್ ಫೈನ್‌ಗೋಲ್ಡ್ ಅವರ ತಂಡ 1990ರ ದಶಕದಲ್ಲೇ ತೋರಿಸಿತ್ತು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಮೂರರಲ್ಲಿ ಒಂದನ್ನೋ ಎರಡನ್ನೋ ಮಾತ್ರ ಹಚ್ಚಿದರೆ ಒಡೆದ ಚರ್ಮ ಕೂಡುವುದು ತಡವಾಗುತ್ತದೆ, ಮೂರೂ ಸಮ ಇದ್ದರೆ ಸಹಜ ವೇಗ, ಮೂರರಲ್ಲೊಂದರ ಪಾಲನ್ನು ಮೂರು ಪಟ್ಟು ಮಾಡಿದರೆ ಇನ್ನೂ ಬೇಗ. ಅದು ಪ್ರಯೋಗಾಲಯದ ಮಿಶ್ರಣ, ಅಸಿಟೋನ್ ಉಜ್ಜಿದ ಚರ್ಮ. ಅಂಗಡಿಯ ಕ್ರೀಮಿನ ಸಣ್ಣ ಪ್ರಮಾಣಕ್ಕೆ ಹಾಗೆಯೇ ಹೊಂದಿಸಲಾಗದು. ಆದರೂ ಒಂಟಿ ಸೆರಮೈಡಿಗೆ ಗ್ರಾಂಗೆ ₹23 ಕೊಡಲು ಇದರಲ್ಲಿ ಕಾರಣವಂತೂ ಸಿಗುವುದಿಲ್ಲ. ಖಾರವಾಗಿ ಹೇಳುವುದಾದರೆ, ಸಾದಾ ಟ್ಯೂಬಿನಿಂದ ಸೆರಮೈಡನ್ನೇ ಕಿತ್ತು ಹಾಕಿದ್ದರೂ ಈ ಮುಖಕ್ಕೆ ಅದೇ ವಾಸಿ.

ದುಬಾರಿಯದರಲ್ಲಿ ಉರಿ ತಂದದ್ದು ಪರ್ಫ್ಯೂಮ್ ಮತ್ತು ಲ್ಯಾವೆಂಡರ್ ಇರಬೇಕು. 1%ಕ್ಕಿಂತ ಕಡಿಮೆ ಎಂದು ಇವನ್ನು ಬಿಟ್ಟುಬಿಡುವ ಹಾಗಿಲ್ಲ. ಅಲರ್ಜಿ ಎಬ್ಬಿಸಲು ಸುಗಂಧಕ್ಕೆ ಅಷ್ಟು ಪ್ರಮಾಣ ಧಾರಾಳ.

ಐದನೆಯದು ಗೆಳತಿ ಕೊಟ್ಟ ಕೊರಿಯಾದ ‘ಸಿಕಾ’ ಕ್ರೀಮ್. ಸಿಕಾ ಎಂದರೆ ಸೆಂಟೆಲ್ಲಾ ಏಷಿಯಾಟಿಕಾ, ಮಲೆನಾಡಿನಲ್ಲಿ ತಂಬುಳಿ ಮಾಡುವ ನಮ್ಮ ಒಂದೆಲಗವೇ. ಅದರ ಮೆಡೆಕಾಸೊಸೈಡ್, ಏಷಿಯಾಟಿಕೊಸೈಡ್‌ಗಳಿಗೆ ಉರಿ ತಗ್ಗಿಸುವ ಗುಣವಿದೆ. ಕ್ರೀಮಿನಲ್ಲಿ ಚರ್ಮಕ್ಕೆ ಹಿತವಾದ ಪ್ಯಾಂಥೆನಾಲ್ 5% ಇತ್ತು, ಸುಗಂಧವಿರಲಿಲ್ಲ. ಇಟ್ಟುಕೊಳ್ಳಬಹುದು ಎಂದು ಪಕ್ಕಕ್ಕಿಟ್ಟೆವು. ಹಿತ್ತಲ ಒಂದೆಲಗ ಅರೆದು ಮುಖಕ್ಕೆ ಮೆತ್ತುವುದು ಬೇರೆ ವಿಷಯ. ಹಸಿ ಸೊಪ್ಪಿನ ರಸಕ್ಕೆ ಒಡೆದ ಚರ್ಮ ಹೇಗೆ ನಡೆದುಕೊಳ್ಳುತ್ತದೆಂದು ಹೇಳಲಾಗದು, ಅದು ತಂಬುಳಿಗೇ ಇರಲಿ.

ಆರು ವಾರದ ಲೆಕ್ಕ

ಮೊದಲ ದಿನ ನಿಲ್ಲಿಸಿದ್ದು: ಗ್ಲೈಕೋಲಿಕ್, ರೆಟಿನಾಲ್, ವಿಟಮಿನ್ ಸಿ, 10% ನಯಾಸಿನಮೈಡ್, ನೀಲಿ ಜೆಲ್, ದುಬಾರಿ ಟ್ಯೂಬು, ಕಡಲೆಹಿಟ್ಟು-ನಿಂಬೆ. ಬೆಳಿಗ್ಗೆ ಬರೀ ನೀರು. ರಾತ್ರಿ ಒಮ್ಮೆ ಮಾತ್ರ ಫೇಸ್‌ವಾಶ್, ಅದೂ ಕೊಕೊಯಿಲ್ ಐಸೆಥಿಯೊನೇಟ್ ಅಥವಾ ಕೊಕೊ-ಗ್ಲುಕೊಸೈಡ್ ಎಂಬ ಸೌಮ್ಯ ಡಿಟರ್ಜೆಂಟ್ ಇರುವ, ಪಿಎಚ್ ಪಟ್ಟಿಯಲ್ಲಿ 5ರಿಂದ 6 ತೋರಿಸುವ ನೊರೆ ಕಡಿಮೆಯದು. ಗೀಸರಿನ ಬಿಸಿನೀರು ನೇರ ಮುಖಕ್ಕೆ ಬೇಡ. ಕೊನೆಯ ಸಲ ತೊಳೆಯಲು ಒಂದು ಚೊಂಬು ಆರ್‌ಒ ನೀರು. ಆರ್‌ಒ ಯಂತ್ರದ ಹೊರಬಿಡುವ ಪೈಪಿನ ನೀರಲ್ಲ. ಅದರ ಗಡಸುತನ ಮೂಲ ನೀರಿಗಿಂತ ಹೆಚ್ಚು. ಮೊದಲ ವಾರ ಇದೇ ತಪ್ಪಾಗಿತ್ತು, ಬಕೆಟ್ಟಿನಲ್ಲಿ ಹಿಡಿದಿಟ್ಟದ್ದನ್ನೇ ‘ಫಿಲ್ಟರ್ ನೀರು’ ಎಂದು ಬಳಸಿದ್ದರು.

ಹಚ್ಚುವ ಮುಂಚೆ ಸಾದಾ ಟ್ಯೂಬಿನ ಪರೀಕ್ಷೆ: ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ. ಅಷ್ಟರವರೆಗೆ ಮುಖಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ. ಅದರಲ್ಲಿ ಒಂದೇ ಘಟಕ, ಅಲರ್ಜಿ ತೀರಾ ವಿರಳ.

ಪ್ರಮಾಣದಲ್ಲಿ ಎಲ್ಲರೂ ಜಿಪುಣರು. ತೋರುಬೆರಳ ತುದಿಯ ಗೆಣ್ಣಿನವರೆಗೆ ಎಳೆದ ಕ್ರೀಮ್ ಸುಮಾರು ಅರ್ಧ ಗ್ರಾಂ. ಮುಖ ಮತ್ತು ಕತ್ತಿಗೆ ಅಂಥ ಎರಡೂವರೆ ಬೇಕು, ಅಂದರೆ 1.25 ಗ್ರಾಂ. ದಿನಕ್ಕೆರಡು ಸಲ ಎಂದರೆ 2.5 ಗ್ರಾಂ, 100 ಗ್ರಾಂ ಟ್ಯೂಬು 40 ದಿನ ಬರುತ್ತದೆ, ದಿನಕ್ಕೆ ₹12. ದುಬಾರಿ ಟ್ಯೂಬನ್ನು ಇದೇ ಪ್ರಮಾಣದಲ್ಲಿ ಹಚ್ಚಿದ್ದರೆ 20 ದಿನಕ್ಕೆ ಖಾಲಿ, ದಿನಕ್ಕೆ ₹57.50. ಬೆಲೆಗೆ ಹೆದರಿ ಈ ಮಹಿಳೆ ಅದನ್ನು ಬಟಾಣಿಯಷ್ಟೇ ಹಚ್ಚುತ್ತಿದ್ದರು. ಬೆಲೆ ಜಾಸ್ತಿಯಾದಷ್ಟೂ ಕ್ರೀಮು ಮುಖಕ್ಕಿಂತ ಡಬ್ಬಿಯಲ್ಲೇ ಉಳಿಯುವುದು ಸಾಮಾನ್ಯ.

ಟವೆಲ್ಲಿನಿಂದ ಒತ್ತಿ, ಮುಖ ಇನ್ನೂ ಹಸಿ ಇರುವಾಗ ಎರಡು ನಿಮಿಷದೊಳಗೆ ಕ್ರೀಮ್. ಮಲಗುವ ಮುನ್ನ ಮೂಗಿನ ಪಕ್ಕ ಮತ್ತು ಬಾಯಿಯ ಸುತ್ತ ಮಾತ್ರ ಜೆಲ್ಲಿಯ ತೆಳು ಲೇಪ. ಬೆಳಿಗ್ಗೆ ಸುಗಂಧವಿಲ್ಲದ ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್. ಬಿಳಿ ಕಾಣುತ್ತದೆ ನಿಜ, ಆದರೆ ಉರಿಯುವ ಚರ್ಮದ ಮೇಲೆ ಅವೊಬೆಂಜೋನ್ ಮಾದರಿಯ ರಾಸಾಯನಿಕ ಸನ್‌ಸ್ಕ್ರೀನ್‌ಗಳು ಇನ್ನಷ್ಟು ಚುಚ್ಚುವುದುಂಟು, ಬಿಸಿಲು ಬಿದ್ದರೆ ಉರಿಯೂತದ ಜಾಗವೆಲ್ಲ ಕಂದು ಕಲೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಹತ್ತನೇ ದಿನಕ್ಕೆ ನೀರು ಚುರುಗುಟ್ಟುವುದು ನಿಂತಿತು. ಹೊಟ್ಟು ಹದಿನಾರನೇ ದಿನದವರೆಗೂ ಇತ್ತು. ಹೊರಪದರ ಪೂರ್ತಿ ಬದಲಾಗಲು ಸುಮಾರು ಎರಡು ವಾರ ಬೇಕು, ಆತುರಪಟ್ಟು ಕ್ರೀಮ್ ಬದಲಿಸಿದರೆ ಮತ್ತೆ ಒಂದನೇ ದಿನ.

ಮೂರನೇ ವಾರದ ಗುಳ್ಳೆಗಳು

ಅಷ್ಟರಲ್ಲಿ ಹಾಸನದಿಂದ ಅಮ್ಮನ ಫೋನು. “ಇಷ್ಟೆಲ್ಲ ಕ್ರೀಮ್ ಯಾಕೆ ಪುಟ್ಟಿ, ರಾತ್ರಿ ಒಂಚೂರು ಕೊಬ್ಬರಿ ಎಣ್ಣೆ ಸವರ್ಕೊಂಡು ಮಲಗು.” ಮಗಳು ಸವರಿಕೊಂಡರು, ತಲೆಗೂ ಹಾಕಿದರು. ಐದು ರಾತ್ರಿ ಕಳೆಯುವಷ್ಟರಲ್ಲಿ ಹಣೆ ಮತ್ತು ಕಪೋಲದ ಅಂಚಿನಲ್ಲಿ ಸಾಸಿವೆ ಗಾತ್ರದ, ಎಲ್ಲ ಒಂದೇ ಅಳತೆಯ, ತುರಿಸುವ ಗುಳ್ಳೆಗಳು. ಮೊಡವೆಯಲ್ಲಿ ಕರಿಚುಕ್ಕೆ, ದೊಡ್ಡದು ಸಣ್ಣದು ಎಂಬ ಬೆರಕೆ ಇರುತ್ತದೆ, ಇಲ್ಲಿ ಅದಿರಲಿಲ್ಲ. ಚರ್ಮತಜ್ಞರು ನೋಡಿ ಮಲಸೇಜಿಯಾ ಎಂದರು. ಎಲ್ಲರ ಚರ್ಮದಲ್ಲೂ ಇರುವ ಈ ಶಿಲೀಂಧ್ರ ಕೊಬ್ಬಿನಾಮ್ಲ ತಿಂದು ಬದುಕುತ್ತದೆ, ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಎಣ್ಣೆ ನಿಲ್ಲಿಸಿ ಎರಡು ವಾರ ಕೀಟೊಕೊನಜೋಲ್ ಕ್ರೀಮ್ ಹಚ್ಚಿದ ಮೇಲೆ ಇಳಿಯಿತು.

ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈಕಾಲಿನ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮುಖದ ಗಾರೆಗೆ ಬೇಕಾದ ಎಣ್ಣೆ ಲಿನೋಲಿಯಿಕ್ ಆಮ್ಲ ಹೆಚ್ಚಿರುವಂಥದ್ದು: ಸೂರ್ಯಕಾಂತಿ, ಉತ್ತರ ಕರ್ನಾಟಕದ ಕುಸುಬೆ. ಆಲಿವ್ ಎಣ್ಣೆಯಲ್ಲಿ ಒಲಿಯಿಕ್ ಆಮ್ಲವೇ ಹೆಚ್ಚು. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ವಯಸ್ಕರ ಮುಂಗೈಗೆ ನಾಲ್ಕು ವಾರ ಹಚ್ಚಿದಾಗ ಆಲಿವ್ ತಡೆಗೋಡೆಯನ್ನು ಕೆಡಿಸಿತು, ಸೂರ್ಯಕಾಂತಿ ಕೆಡಿಸಲಿಲ್ಲ. ಆದರೆ ಗುಳ್ಳೆ ಎದ್ದ ಹಣೆಗೆ ಯಾವ ಎಣ್ಣೆಯೂ ಬೇಡ, ಕುಸುಬೆಯೂ ಬೇಡ.

ಮತ್ತೆ ಶುರು

ನಿಲ್ಲಿಸಿದ್ದನ್ನು ಮತ್ತೆ ಹಚ್ಚಬೇಕಾದರೆ, ಮುಖ ತೊಳೆದು ಏನೂ ಹಚ್ಚದೆ 20 ನಿಮಿಷ ಕೂತರೂ ಬಿಗಿಯಬಾರದು, ನೀರೂ ಕ್ರೀಮೂ ಚುಚ್ಚಬಾರದು, ಹೀಗೆ ಸತತ ಎರಡು ವಾರ. ಈ ಪ್ರಕರಣದಲ್ಲಿ ಆ ಹಂತ ಬಂದದ್ದು ಏಳನೇ ವಾರ, ಗುಳ್ಳೆಯ ಅಡ್ಡಿಯಿಂದ ಒಂದು ವಾರ ತಡವಾಗಿ. ಆಗ ಒಂದೇ ಒಂದು ವಾಪಸು: ರೆಟಿನಾಲ್, 0.5% ಬಿಟ್ಟು 0.2%. ಸೋಮವಾರ ಮತ್ತು ಶುಕ್ರವಾರ ರಾತ್ರಿ, ಒಣಗಿದ ಮುಖಕ್ಕೆ ಮೊದಲು ಕ್ರೀಮ್, ಹತ್ತು ನಿಮಿಷ ಬಿಟ್ಟು ಬಟಾಣಿಯಷ್ಟು ರೆಟಿನಾಲ್, ಮೇಲೆ ಮತ್ತೆ ಕ್ರೀಮ್. ಗರ್ಭಧಾರಣೆಯ ಯೋಚನೆ ಇದ್ದರೆ ಅದೂ ಬೇಡ. ಗ್ಲೈಕೋಲಿಕ್ ಟೋನರ್ ವಾಪಸು ಬರಲಿಲ್ಲ. ರೆಟಿನಾಲ್ ಇರುವ ಮುಖಕ್ಕೆ ಅದರ ಅಗತ್ಯ ನಮಗೆ ಕಾಣಲಿಲ್ಲ.

ಹೈಅಲುರಾನಿಕ್ ಸೀರಮನ್ನು ಎಸೆಯಲಿಲ್ಲ. ಹಸಿ ಮುಖಕ್ಕೆ ಮೂರು ಹನಿ, ತಕ್ಷಣ ಮೇಲೆ ಕ್ರೀಮ್, ಹೀಗಾದರೆ ಅದೂ ಉಪಯೋಗಕ್ಕೆ ಬರುತ್ತದೆ. ಇದೇ ಕೆಲಸವನ್ನು ಕ್ರೀಮಿನೊಳಗಿನ ಗ್ಲಿಸರಿನ್ ಆಗಲೇ ಮಾಡುತ್ತಿರುವುದರಿಂದ ಬಾಟಲಿ ಮುಗಿದ ಮೇಲೆ ಹೊಸದು ಕೊಳ್ಳುವುದಿಲ್ಲ. ಮೇ ತಿಂಗಳ ಮಳೆ ಶುರುವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ರಾತ್ರಿಯ ಜೆಲ್ಲಿ ಬಿಟ್ಟರು, ಬೆಳಗಿನ ಕ್ರೀಮನ್ನು ಎರಡೂವರೆ ಬೆರಳಿಂದ ಒಂದೂವರೆಗೆ ಇಳಿಸಿದರು. ಎಸಿ ಕೆಳಗಿನ ಕುರ್ಚಿ ಮಾತ್ರ ಬದಲಾಗಿಲ್ಲ. ಅದಕ್ಕೆ ಸಾದಾ ಕ್ರೀಮಿನ ಸಣ್ಣ ಡಬ್ಬಿಯೊಂದು ಮೇಜಿನ ಡ್ರಾಯರಿನಲ್ಲಿದೆ, ಮಧ್ಯಾಹ್ನ ಕೆನ್ನೆಗಷ್ಟೇ.